ಕ್ಲಚ್ಚಿದ್ದ ಗಾಡಿ, ಕ್ಲಚ್ಚಿಲ್ಲದ ಗಾಡಿ

ನಮ್ಮವರ ಎಡಪಾದ ಜೋತುಬಿದ್ದಿದೆ ಎಂದು ಗೊತ್ತಾದದ್ದು ಬೆನ್ನಿನ ಆಪರೇಶನ್ ಆದ ನಾಲ್ಕನೆಯ ದಿನ. ಡಾಕ್ಟರರು ಹಾಸಿಗೆಯ ಪಕ್ಕ ನಿಂತು ಬೆರಳು ಮೇಲೆತ್ತಲು ಹೇಳಿದರು. ಬಲಗಾಲಿನ ಬೆರಳುಗಳು ಎದ್ದವು. ಎಡಗಾಲಿನವು, ಹೇಳಿದ್ದು ತಮಗಲ್ಲ ಎಂಬಂತೆ ಸುಮ್ಮನಿದ್ದವು. ಡಾಕ್ಟರರು ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡರು. ನಾನು ನೋಡುತ್ತಿದ್ದದ್ದು ಆ ಮುಚ್ಚಳವನ್ನೇ.

ಇವರದು ನೆಲದೊಳಗಿನ ನೀರು ಹುಡುಕುವ ಕೆಲಸ. ಧಾರವಾಡದಿಂದ ಪುಣೆಗೆ ಬಂದ ಮೇಲೆ ಅದನ್ನೇ ಮಾಡಿಕೊಂಡಿದ್ದರು. ಬೋರ್‌ವೆಲ್ ಎಲ್ಲಿ ಕೊರೆಯಬೇಕೆಂದು ಜಾಗ ತೋರಿಸುವುದು. ಜನರ ಬಾಯಲ್ಲಿ 'ಪಾಯಿಂಟ್ ಕೊಡೋದು'. ನಾಲ್ಕು ಉಕ್ಕಿನ ಸರಳುಗಳನ್ನು ಒಂದೇ ಗೆರೆಯಲ್ಲಿ ನೆಲಕ್ಕೆ ಬಡಿದು, ಹೊರಗಿನ ಎರಡಕ್ಕೆ ಕರೆಂಟು ಬಿಟ್ಟು, ಒಳಗಿನ ಎರಡರ ನಡುವೆ ಮೀಟರು ಏನು ತೋರಿಸುತ್ತದೆ ಎಂದು ಓದಬೇಕು. ಸರಳುಗಳನ್ನು ದೂರ ಸರಿಸುತ್ತ ಹೋದಂತೆ ಇನ್ನೂ ಆಳದ ಕಲ್ಲಿನ ಸುದ್ದಿ ಬರುತ್ತದೆ. ಮಗಳು ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ಒಬ್ಬಳೇ ಕೂತು ಏನು ಮಾಡಲಿ ಎಂದು ನಾನೂ ಜೊತೆಗೆ ಹೋಗತೊಡಗಿದೆ. ಕಾನ್ವೆಂಟಿನಲ್ಲಿ ಸಿಸ್ಟರುಗಳು ತಿದ್ದಿಸಿದ ಅಕ್ಷರ ನನ್ನದು. ಇವರು ಮೀಟರು ಓದುತ್ತಿದ್ದರು, ನಾನು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಆ ಅಂಕಿಗಳಿಂದ ನೀರು ಎಲ್ಲಿದೆ ಎಂದು ತಿಳಿಯುವುದು ಇವರಿಗೆ ಮಾತ್ರ ಬರುತ್ತಿತ್ತು.

ಅದಕ್ಕೊಂದು ಕಟ್ಟುನಿಟ್ಟು ಇತ್ತು. ಓದುವವರು ಮಾತಾಡಬೇಕು, ಬರೆಯುವವರು ಬಾಯಿ ತೆರೆಯಬಾರದು. ಮೊದಮೊದಲು ಒಂದು ಸಲ ನಾನು ನಡುವೆ "ಚಹಾ ಬೇಕೇನ್ರಿ" ಎಂದು ಕೇಳಿ, ಇವರ ತಲೆಯಲ್ಲಿದ್ದ ಅಂಕಿ ಹಾರಿಹೋಗಿ, ಇಡೀ ಗೆರೆ ಮತ್ತೆ ಮೊದಲಿನಿಂದ ಅಳೆಯಬೇಕಾಯಿತು. ಅಂದಿನಿಂದ ಬರೆಯುವವರಿಗೆ ಏನಾದರೂ ಅನ್ನಿಸಿದರೆ ಕೊನೆಯ ಕಾಲಮ್ಮಿನಲ್ಲಿ, ಷರಾ ಎಂದು ಬರೆದಿರುವಲ್ಲಿ, ಗುರುತು ಹಾಕಿಕೊಳ್ಳುವುದು. ಸಂಜೆ ಮನೆಗೆ ಬಂದು ಇಬ್ಬರೂ ಕೂತು ಷರಾಗಳನ್ನು ಒಂದೊಂದಾಗಿ ಓದುವುದು. ಅದಾದ ಮೇಲೇ ಪಾಯಿಂಟ್ ನಿರ್ಧಾರ. ನಮ್ಮ ಮನೆಯಲ್ಲಿ ಸಂಜೆಯ ದೀಪ ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

ಕಾಲು ಹೋದ ಮೇಲೆ ಜೀಪಿಗೆ ಡ್ರೈವರನ್ನು ಇಟ್ಟೆವು. ಒಂದು ವರ್ಷದಲ್ಲಿ ಮೂವರು ಬಂದು ಹೋದರು. ಡಾಂಬರು ಮುಗಿಯುವಲ್ಲಿಗೆ ಅವರ ಧೈರ್ಯವೂ ಮುಗಿಯುತ್ತಿತ್ತು. ಮೂರನೆಯವನಂತೂ ಮುಳಶಿಯ ಆಚೆ ಗುಡ್ಡದ ಬುಡದಲ್ಲಿ ಗಾಡಿ ನಿಲ್ಲಿಸಿ, ಸೀಟು ಹಿಂದಕ್ಕೆ ಬಾಗಿಸಿಕೊಂಡು, "ಇನ್ನು ನಡೆದು ಹೋಗಿ ಸಾಹೇಬ್, ಹತ್ತಿರವೇ ಇದೆ" ಎಂದು ಮರಾಠಿಯಲ್ಲಿ ಹೇಳಿ ಕಣ್ಣು ಮುಚ್ಚಿದ. ಇವರು ಕೋಲೂರಿ ಹತ್ತಿದರು. ಹಿಂದೆ ಮೀಟರಿನ ಪೆಟ್ಟಿಗೆ ಹೊತ್ತು ನಡೆಯುತ್ತಿದ್ದ ನನಗೆ ಕಂಡದ್ದು ಇವರ ಎಡಗಾಲಿನ ಬೂಟು. ಅದರ ಮುಂಭಾಗ ಪ್ರತಿ ಹೆಜ್ಜೆಗೂ ನೆಲಕ್ಕೆ ಉಜ್ಜಿ, ಒಳಗಿನ ಕಾಲುಚೀಲ ಇಣುಕುತ್ತಿತ್ತು. ಆ ವಾರವೇ ನಾನು ಡ್ರೈವಿಂಗ್ ಕಲಿಯಲು ಹೋದೆ.

ಕಲಿಸಿದವರು ದೇಹೂ ರೋಡಿನಲ್ಲಿದ್ದ ನಿವೃತ್ತ ಹವಾಲ್ದಾರರು. ಗೋಕಾಕದ ಕಡೆಯವರು, ಇಪ್ಪತ್ತು ವರ್ಷ ಸೈನ್ಯದ ಟ್ರಕ್ಕು ಓಡಿಸಿದವರು. ನನ್ನನ್ನು ಮೊದಲ ದಿನದಿಂದಲೇ 'ವೈನಿ', ಅಂದರೆ ಅತ್ತಿಗೆ, ಎಂದು ಕರೆದರು. ಊರಿನ ಟ್ರಾಫಿಕ್ಕಿಗೆ ಕರೆದೊಯ್ಯದೆ ನೇರ ಪಾಳುಬಿದ್ದ ಕಲ್ಲುಗಣಿಗೆ ಕರೆದೊಯ್ದರು. ಏರಿನ ನಡುವೆ ಗಾಡಿ ಬಂದ್ ಬಿದ್ದಾಗ ನಾನು ಕಿರುಚಿದೆ. ಅವರು ಪಕ್ಕದಲ್ಲಿ ಅಲ್ಲಾಡದೆ ಕೂತಿದ್ದರು.

"ಅಂಜಬ್ಯಾಡ್ರಿ ವೈನಿ. ಬ್ರೇಕ್ ಒತ್ತಿ ಹಿಡೀರಿ. ರಿವರ್ಸ್ ಹಾಕ್ರಿ. ಕ್ಲಚ್ ಪೂರಾ ಬಿಟ್ಟುಬಿಡ್ರಿ. ಈಗ ಬ್ರೇಕ್ ಸಡ್ಲ ಮಾಡಿ ಚಾವಿ ತಿರುವ್ರಿ. ಗಾಡಿ ತನ್ನಷ್ಟಕ್ಕ ತಾನ ಸಾವಕಾಶ ಹಿಂದ ಇಳೀತದ. ನೀವು ಬರೇ ಸ್ಟೇರಿಂಗ್ ನೆಟ್ಟಗ ಹಿಡೀರಿ, ಆರತಿ ತಾಟ ಹಿಡದಂಗ."

ಹಾಗೇ ಇಳಿಯಿತು. ಅಂದು ಮನೆಗೆ ಬಂದು ಕುಕ್ಕರು ಇಡುವಾಗಲೂ ನನ್ನ ಎಡಗಾಲು ಇಲ್ಲದ ಕ್ಲಚ್ಚನ್ನು ಹುಡುಕುತ್ತಿತ್ತು. ಆದರೆ ನಾಲ್ಕು ತಿಂಗಳಲ್ಲಿ ನಾನು ಹಳೆಯ ಜೀಪನ್ನು ಗುಡ್ಡ ಹತ್ತಿಸುವಷ್ಟಾದೆ. ನಮ್ಮ ಸೊಸೈಟಿಯ ಹೆಂಗಸರಲ್ಲಿ ನನಗೊಂದು ಬೇರೆಯೇ ಮರ್ಯಾದೆ ಬಂತು. ಅದು ನನಗೆ ಹಿತವಾಗಿತ್ತು ಎಂಬುದನ್ನು ಇಲ್ಲಿ ಬರೆದುಬಿಡುತ್ತೇನೆ.

ಬೇಸಿಗೆಯಲ್ಲಿ ಹಳೆಯ ಜೀಪಿನ ಗೇರ್‌ಬಾಕ್ಸು ಒಡೆಯಿತು. ಇನ್ನು ರಿಪೇರಿಗೆ ಅರ್ಥವಿಲ್ಲ ಎಂದರು. ಬೇರೆ ಗಾಡಿ ತೆಗೆದುಕೊಳ್ಳಬೇಕು.

ಆಟೋಮ್ಯಾಟಿಕ್ ಎಂಬ ಮಾತು ಮೊದಲು ಬಂದದ್ದು ಇವರ ಬಾಯಿಂದಲೇ. ಹಿಂಜವಾಡಿಯಲ್ಲಿ ಒಂದರ ಹಿಂದೊಂದು ಗಾಜಿನ ಕಟ್ಟಡ ಏಳುತ್ತಿದ್ದ ಕಾಲ. ಅಲ್ಲಿ ಕೆಲಸಕ್ಕೆ ಬಂದಿದ್ದ ಪರದೇಶದ ಎಂಜಿನಿಯರರೊಬ್ಬರು ಊರಿಗೆ ಮರಳುವವರಿದ್ದರು. ತಮ್ಮ ಗಾಡಿ ಮಾರುತ್ತಿದ್ದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ, ಕ್ಲಚ್ಚಿಲ್ಲ, ಗೇರು ತಾನೇ ಬದಲಾಗುತ್ತದೆ. ಇವರು ಅದನ್ನು ಹೇಳಿದ್ದು ಪೇಪರಿನಿಂದ ತಲೆಯೆತ್ತದೆ.

"ಎರಡ ಪೆಡಲ್ ಅಷ್ಟ ಇರ್ತಾವಂತ. ಬಲಗಾಲ ಒಂದಿದ್ರ ಸಾಕು."

"ಗುಡ್ಡಕ್ಕ ನಡೀತದೇನ್ರಿ ಅದು?"

"ನೋಡಬೇಕು," ಎಂದು ಪುಟ ತಿರುವಿದರು.

ನಮ್ಮಿಬ್ಬರ ನಡುವೆ ಬೇಕು ಎಂದು ನೇರ ಕೇಳುವ ರೂಢಿ ಇರಲಿಲ್ಲ. 'ನೋಡಬೇಕು' ಎಂದರೆ ಎಷ್ಟು ಬೇಕು ಎಂಬುದನ್ನು ಧ್ವನಿಯಿಂದ ತಿಳಿಯಬೇಕಿತ್ತು. ನಾನು ಧ್ವನಿ ಕೇಳಲಿಲ್ಲ. ಒಳ್ಳೆಯ ವಿದ್ಯಾರ್ಥಿನಿಯಂತೆ ಫುಲ್‌ಸ್ಕೇಪ್ ಹಾಳೆ ತೆಗೆದು ನಡುವೆ ಗೆರೆ ಎಳೆದೆ. ಎಡಕ್ಕೆ ಮ್ಯಾನ್ಯುವಲ್, ಬಲಕ್ಕೆ ಆಟೋಮ್ಯಾಟಿಕ್. ಸೈಬರ್ ಕೆಫೆಗೆ ಹೋಗಿ, ತಾಸುಗಟ್ಟಲೆ ಓದಿ ಬರೆದುಕೊಂಡೆ. ಮ್ಯಾನ್ಯುವಲ್: ಇಳಿಜಾರಿನಲ್ಲಿ ಕೆಳಗಿನ ಗೇರು ಹಾಕಿದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ಯಾಟರಿ ಇಳಿದರೆ ತಳ್ಳಿ ಶುರು ಮಾಡಬಹುದು, ಯಾವ ಹಳ್ಳಿಯ ಮೆಕ್ಯಾನಿಕ್ಕಾದರೂ ಬಿಚ್ಚಿ ಜೋಡಿಸುತ್ತಾನೆ. ಆಟೋಮ್ಯಾಟಿಕ್: ಏರಿನಲ್ಲಿ ಬಂದ್ ಬೀಳುವುದಿಲ್ಲ, ಕೆಸರಿನಲ್ಲಿ ಶಕ್ತಿ ತುಂಡಾಗದೆ ಹೋಗುತ್ತದೆ, ಆದರೆ ಅದರ ಎಣ್ಣೆ ಕಾಯುತ್ತದೆ, ತಳ್ಳಿದರೆ ಶುರುವಾಗದು, ಕೆಟ್ಟರೆ ಮುಂಬೈಯೇ ಗತಿ. ಎಡಗಡೆಯ ಪಟ್ಟಿ ಉದ್ದವಾಯಿತು. ನಡೆಸುವವರು ಯಾರು ಎಂಬುದಕ್ಕೆ ನಾನು ಆ ಹಾಳೆಯಲ್ಲಿ ಜಾಗವನ್ನೇ ಬಿಟ್ಟಿರಲಿಲ್ಲ.

ಓದಿದ್ದು ಸಾಲದು, ಅಳೆದು ನೋಡಬೇಕು ಎಂದು ಇಬ್ಬರೂ ಒಪ್ಪಿದೆವು. ಜೂನಿನ ಮೊದಲ ಮಳೆ ಬಿದ್ದು ನೆಲ ಮೆತ್ತಗಾದ ಒಂದು ಭಾನುವಾರ ಎರಡೂ ಗಾಡಿಗಳನ್ನು ದೇಹೂ ರೋಡಿನ ಆ ಗಣಿಗೆ ತರಿಸಿದೆವು. ಆಟೋಮ್ಯಾಟಿಕ್ಕನ್ನು ಎಂಜಿನಿಯರರು ಒಂದು ದಿನದ ಮಟ್ಟಿಗೆ ಕೊಟ್ಟಿದ್ದರು. ಮ್ಯಾನ್ಯುವಲ್ ಜೀಪು ಷೋರೂಮಿನದು. ಹವಾಲ್ದಾರರು ಆಟೋಮ್ಯಾಟಿಕ್ಕಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಕಿಟಕಿಯೊಳಗೆ ಇಣುಕಿ, ಕ್ಲಚ್ಚಿರಬೇಕಾದ ಖಾಲಿ ಜಾಗ ನೋಡಿ ನಕ್ಕರು.

"ಇದು ಗಾಡಿ ಅಲ್ರಿ ವೈನಿ, ಲಿಫ್ಟ್. ಗುಂಡಿ ಒತ್ತೂದು, ಮ್ಯಾಲ ಹೋಗೂದು. ಕರೆಂಟ್ ಹೋತಂದ್ರ ನಡುವ ಕೂಡ್ರೂದು."

ಇವರು ಅಂದರು: "ಲಿಫ್ಟಿನ್ಯಾಗ ಕುಂಟರೂ ಹೋಗ್ತಾರ, ಹವಾಲ್ದಾರ್ರ."

ಎಲ್ಲರೂ ನಕ್ಕೆವು.

ನಾಲ್ಕು ಪರೀಕ್ಷೆ ಇಟ್ಟುಕೊಂಡೆವು: ಏರು, ಏರಿನ ನಡುವೆ ನಿಲ್ಲಿಸಿ ಮತ್ತೆ ಹೊರಡುವುದು, ಇಳಿಜಾರು, ಕೆಸರು. ಅಂದು ನಮ್ಮ ಕೆಲಸ ಅದಲುಬದಲಾಗಿತ್ತು. ಗಾಡಿ ನಡೆಸಿ ಕೂಗಿ ಹೇಳುವವಳು ನಾನು, ಕಲ್ಲಿನ ಮೇಲೆ ಕೂತು ನೋಟ್‌ಬುಕ್ಕಿನಲ್ಲಿ ಬರೆಯುವವರು ಇವರು. ಅಂದರೆ ಬಾಯಿ ತೆರೆಯಬಾರದವರು ಇವರು.

ಮೊದಲು ಆಟೋಮ್ಯಾಟಿಕ್. ಸನ್ನೆಕೋಲನ್ನು 'ಡಿ'ಗೆ ಎಳೆದು, ಬ್ರೇಕು ಬಿಟ್ಟು, ಕಾಲು ಮೆಲ್ಲಗೆ ಒತ್ತಿದೆ. ಗಾಡಿ ಏರಿತು. ನಡುವೆ ನಿಲ್ಲಿಸಿದೆ, ಹಿಂದೆ ಜಾರಲಿಲ್ಲ. ಮತ್ತೆ ಹೊರಟಿತು. ನಾನು ಮಾಡಬೇಕಾದದ್ದು ಏನೂ ಇರಲಿಲ್ಲ, ಅದೇ ನನಗೆ ಹಿಡಿಸಲಿಲ್ಲ. ಮೇಲೆ ತಿರುಗಿಸಿಕೊಂಡು ಇಳಿಯತೊಡಗಿದಾಗ ಗಾಡಿ ಓಡತೊಡಗಿತು. ಬ್ರೇಕು ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಮೂರನೆಯ ಸಲ ಪೆಡಲು ಮೆತ್ತಗಾಯಿತು. ಇಸ್ತ್ರಿಪೆಟ್ಟಿಗೆಯ ಕೆಳಗೆ ಮರೆತ ಬಟ್ಟೆಯ ವಾಸನೆ ಬಂತು. ಕೆಳಗೆ ನಿಲ್ಲಿಸಿದಾಗ ನನ್ನ ಕುಪ್ಪಸದ ಬೆನ್ನು ತೊಯ್ದಿತ್ತು.

"ನೋಡ್ರಿ, ನಾ ಏನ ಹೇಳಿದ್ದೆ?" ಎಂದರು ಹವಾಲ್ದಾರರು. ಇವರು ಏನೋ ಬರೆದುಕೊಳ್ಳುತ್ತಿದ್ದರು.

ಆಮೇಲೆ ಇವರು ನೋಟ್‌ಬುಕ್ಕನ್ನು ಕಲ್ಲಿನ ಮೇಲಿಟ್ಟು ಎದ್ದರು. ಕೋಲನ್ನು ಅಲ್ಲೇ ಬಿಟ್ಟು ಮೂರು ಹೆಜ್ಜೆ ನಡೆದು ಬಂದು ಡ್ರೈವರ್ ಬಾಗಿಲಿನ ಹಿಡಿಕೆ ಹಿಡಿದರು. "ಒಂದ ಸುತ್ತು..." ಎಂದರು.

"ಇವತ್ತ ಬ್ಯಾಡ್ರಿ," ಎಂದೆ ನಾನು. "ಬ್ರೇಕ್ ಕಾದಾವ. ನಿಮ್ಮ ಕಾಲೂ ಮುಂಜಾನಿಂದ ಊದಿಕೊಂಡದ."

ಹಿಡಿಕೆ ಬಿಸಿಯಿತ್ತೇನೋ ಎಂಬಂತೆ ಕೈ ತೆಗೆದರು. "ಹೌದು, ಅದೂ ಖರೇ," ಎಂದು ಹೋಗಿ ಕೂತರು.

ಮ್ಯಾನ್ಯುವಲ್ ಜೀಪಿನಲ್ಲಿ ನಾನು ಒಂದು ಸಲ ಬಂದ್ ಬಿದ್ದೆ; ಕಲಿಸಿದಂತೆ ರಿವರ್ಸಿನಲ್ಲಿ ಇಳಿಸಿದೆ. ಎರಡನೆಯ ಸಲ ಏರಿಸಿದೆ. ಇಳಿಯುವಾಗ ಸಣ್ಣ ಲಿವರನ್ನು, ನಾಲ್ಕೂ ಚಕ್ರಕ್ಕೆ ನಿಧಾನದ ಬಲ ಕೊಡುವ 'ಫೋರ್ ಲೋ'ಗೆ ಹಾಕಿ, ಮೊದಲ ಗೇರಿನಲ್ಲಿ, ಮೂರೂ ಪೆಡಲುಗಳಿಂದ ಕಾಲು ತೆಗೆದು ಕೂತೆ. ಎಂಜಿನ್ನು ಗುರುಗುಟ್ಟುತ್ತ ಒಂದೊಂದೇ ಮೆಟ್ಟಿಲಿಳಿವ ಮುದುಕಿಯಂತೆ ಗಾಡಿಯನ್ನು ಇಳಿಸಿತು. ಹವಾಲ್ದಾರರು ಕೆಳಗೆ ನಿಂತು ಸೆಲ್ಯೂಟ್ ಹೊಡೆದರು. ನನಗೆ ಶಾಲೆಯ ಬಹುಮಾನದ ದಿನ ನೆನಪಾಯಿತು.

ಅಂದು ಸಂಜೆ ನಾವು ಷರಾ ಓದಲಿಲ್ಲ. ದಾರಿಯುದ್ದಕ್ಕೂ ನಾನು ಮಾತಾಡುತ್ತಲೇ ಇದ್ದೆ; ಮನೆ ಬಾಗಿಲು ತೆಗೆಯುವ ಮೊದಲೇ ನಿರ್ಧಾರವನ್ನೂ ಹೇಳಿಬಿಟ್ಟಿದ್ದೆ. ಊಟಕ್ಕೆ ಕೂತಾಗ ಒಪ್ಪಿಗೆ ಕೇಳಿದ್ದು ಕೇವಲ ಶಿಷ್ಟಾಚಾರ.

"ಮ್ಯಾನ್ಯುವಲ್ ತಗೋಳೋಣಲ್ರಿ? ಇಳಿಜಾರಿನ್ಯಾಗ ಆ ಆಟೋಮ್ಯಾಟಿಕ್ ಮ್ಯಾಲ ಭರವಸೆ ಇಲ್ಲ. ನಾ ಹ್ಯಾಂಗೂ ಹೊಡೀತೀನಿ."

"ಆತು," ಎಂದರು. ಮಜ್ಜಿಗೆ ಹಾಕಿಸಿಕೊಂಡು ಮತ್ತೊಮ್ಮೆ, "ಆತು. ನಿನಗ ಛಲೋ ಬರ್ತದ," ಎಂದರು.

ಹೊಸ ಜೀಪು ಬಂತು. ಮಳೆಗಾಲದಲ್ಲಿ ಗುಡ್ಡದ ಕೆಲಸ ಇರಲಿಲ್ಲ. ನವರಾತ್ರಿ ಮುಗಿದ ವಾರ ಮುಳಶಿಯ ಆಚೆಯ ಒಂದು ವಸ್ತಿಯಿಂದ ಕರೆ ಬಂತು. ಗುಡ್ಡದ ನೆತ್ತಿಯ ಮೇಲೆ ಮೂವತ್ತು ಮನೆ. ಚಳಿಗಾಲ ಮುಗಿಯುವಷ್ಟರಲ್ಲಿ ಹೆಂಗಸರು ನೀರಿಗಾಗಿ ಕಣಿವೆಗೆ ಇಳಿದು ಹತ್ತಬೇಕು. ಅವರಿಗೊಂದು ಬೋರು ಮಂಜೂರಾಗಿತ್ತು, ಒಂದೇ ಒಂದು. ಅಲ್ಲಿಯ ಪಂಚಾಯಿತಿ ಮುಖ್ಯಸ್ಥರಾದ ಸರಪಂಚರು ಫೋನಿನಲ್ಲಿ, "ಸಾಹೇಬರು ಬಂದು ನೋಡಿದ ಮೇಲೇ ಕೊರೆಸುವುದು. ಕೊರೆಯುವ ಮಿಷನ್ನಿನವನಿಗೆ ಮಧ್ಯಾಹ್ನದೊಳಗೆ ಜಾಗ ಹೇಳಬೇಕು," ಎಂದಿದ್ದರು.

ದಾರಿಯಲ್ಲೊಂದು ಹಳ್ಳ. ಮಳೆ ನಿಂತಿದ್ದರೂ ನೀರು ಮೊಳಕಾಲಿನವರೆಗೆ ಇತ್ತು. ನೀರಿನಲ್ಲಿ ಕ್ಲಚ್ಚು ತುಳಿಯಬಾರದು, ತುಳಿದರೆ ತಟ್ಟೆಗಳ ನಡುವೆ ನೀರು ನುಗ್ಗಿ ಹಿಡಿತ ಹೋಗುತ್ತದೆ ಎಂದು ಹವಾಲ್ದಾರರು ನನಗೆ ಹತ್ತು ಸಲ ಹೇಳಿದ್ದರು. ನಾನೂ ಅದನ್ನು ಬರೆದು, ಅಡಿಗೆರೆ ಹಾಕಿಕೊಂಡಿದ್ದೆ. ಹಳ್ಳದ ನಡುವೆ ಒಂದು ಬಂಡೆ ಗಾಡಿಯ ಹೊಟ್ಟೆಗೆ ಧಡ್ಡನೆ ಬಡಿಯಿತು. ನನ್ನ ಎಡಗಾಲು ನನ್ನನ್ನು ಕೇಳದೆ ಕ್ಲಚ್ಚಿನ ಮೇಲೆ ಹೋಯಿತು.

"ಕ್ಲಚ್ ಬಿಡು!" ಎಂದರು ಇವರು. "ಬಿಡು ಬಿಡು, ಎಡಗಾಲ ತಗಿ! ರೇಸ್ ಕೊಡಬ್ಯಾಡ, ಅದರಷ್ಟಕ್ಕ..."

"ನೀವು ಸುಮ್ನ ಕೂಡ್ರಿ! ಗಾಡಿ ಹೊಡಿಯಾಕಿ ನಾನೋ ನೀವೋ?"

ಮದುವೆಯಾಗಿ ಇಪ್ಪತ್ತೆರಡು ವರ್ಷದಲ್ಲಿ ನಾನು ಇವರ ಮೇಲೆ ಧ್ವನಿ ಏರಿಸಿದ್ದು ಅದೇ ಮೊದಲು. ಗಾಡಿ ಹಳ್ಳ ದಾಟಿತು. ಇವರು ಮೊಣಕಾಲುಗಳ ಮೇಲೆ ಎರಡೂ ಅಂಗೈ ಇಟ್ಟುಕೊಂಡು ಮುಂದೆ ನೋಡುತ್ತ ಕೂತರು. ಏರು ಶುರುವಾದಾಗ ಎಂಜಿನ್ನು ಒದರಿತು, ಚಕ್ರ ತಿರುಗಲಿಲ್ಲ. ಕ್ಲಚ್ಚು ಜಾರುತ್ತಿತ್ತು. ಏನು ಮಾಡಬೇಕೆಂದು ಇವರಿಗೆ ಗೊತ್ತಿತ್ತು. ಹಳೆಯ ಜೀಪಿನಲ್ಲಿ ಎಷ್ಟೋ ಸಲ ಆಗಿತ್ತೆಂದು ಇವರು ಹವಾಲ್ದಾರರಿಗೆ ಹೇಳಿದ್ದರಂತೆ, ಅದು ನನಗೆ ಗೊತ್ತಾದದ್ದು ಆಮೇಲೆ. ಆದರೆ ಇವರು ಹೇಳಲಿಲ್ಲ, ನಾನು ಕೇಳಲಿಲ್ಲ. ಅದು ತಾನೇ ಒಣಗಿ ಹಿಡಿಯಲು ಮೂರು ತಾಸು ಬೇಕಾಯಿತು. ನಾನು ಬುತ್ತಿ ಬಿಚ್ಚಿ ಚಪಾತಿ ಕೊಟ್ಟೆ. ಇವರು ಉಂಡು, ಚಪಾತಿ ಸುತ್ತಿದ್ದ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡರು.

ನಾವು ಮೇಲೆ ತಲುಪಿದಾಗ ಅಂಗೈಯ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ನೀರು ನೋಡುವವನೊಬ್ಬ ಬಂದು ಹೋಗಿಯಾಗಿತ್ತು. ಹುಣಸೆಮರದ ಹತ್ತಿರ ಐದು ಕಲ್ಲು ಜೋಡಿಸಿ ಕುಂಕುಮ ಹಚ್ಚಿದ್ದರು. ಸರಪಂಚರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮಿಷನ್ನಿನವನು ಕಾಯಲಿಲ್ಲ ಸಾಹೇಬ್, ಈ ಜಾಗವನ್ನೇ ಹೇಳಿಬಿಟ್ಟೆವು. ನಾವು ಎರಡು ಗಂಟೆಯವರೆಗೆ ದಾರಿ ನೋಡಿದೆವು."

ಇವರು ಆ ಕಲ್ಲುಗಳ ಹತ್ತಿರ ಹೋಗಿ, ಬಗ್ಗಿ ಒಂದು ಚೂರು ಮಣ್ಣು ತೆಗೆದು ಬೆರಳಲ್ಲಿ ಉಜ್ಜಿದರು. "ಒಂದು ಸಲ ಸರಳು ಹಾಕಿ ನೋಡಲೇ?" ಎಂದು ಕೇಳಿದರು. ಪೂಜೆ ಆದ ಮೇಲೆ ಬೇಡ ಎಂದು ಮನೆಗಳ ಕಡೆಯಿಂದ ಒಬ್ಬರು ಅಂದರು. ಸರಪಂಚರು ನೆಲ ನೋಡಿದರು. ಚಹಾ ಬಂತು. ಕುಡಿದು ಇಳಿದೆವು.

ಇಳಿಯುವಾಗ ಇವರು ಒಂದೇ ಮಾತು ಅಂದರು, ಅದೂ ನನಗಲ್ಲ, ಕಿಟಕಿಗೆ. "ಅಲ್ಲಿ ಕೆಳಗ ಬರೇ ಕರೀಕಲ್ಲು ಅದ."

ಆಮೇಲೆ ಇವರು ಗುಡ್ಡದ ಕೆಲಸ ಒಪ್ಪಿಕೊಳ್ಳಲಿಲ್ಲ. ಬಾರಾಮತಿಯ ಕಬ್ಬಿನ ಜನ ತಮ್ಮ ಕಾರು ಕಳಿಸಿ ಕರೆಸಿಕೊಳ್ಳುತ್ತಿದ್ದರು. ಅಲ್ಲಿಗೆ ಹೋಗಿ ಬರುತ್ತಿದ್ದರು. ಬರೆಯಲು ಅಲ್ಲಿಯ ಯಾರಾದರೂ ಸಿಗುತ್ತಾರೆ, ನೀ ಯಾಕ ದಣೀತಿ ಎಂದರು. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಆ ಜೀಪಿನಲ್ಲಿ ನಾನು ತರಕಾರಿಯ ಮಂಡಈಗೆ ಹೋಗಿ ಮೆಂತ್ಯದ ಸೊಪ್ಪು ತರುತ್ತಿದ್ದೆ. ಪಾರ್ಕಿಂಗಿನಲ್ಲಿ ಗಾಡಿ ಹಿಂದೆ ತೆಗೆಯುವಾಗ ಇವರು ಬಾಲ್ಕನಿಯಲ್ಲಿ ನಿಂತಿದ್ದರೆ ಒಳಗೆ ಹೋಗಿಬಿಡುತ್ತಿದ್ದರು. ಮನೆಯಲ್ಲಿ ಜಗಳ ಇರಲಿಲ್ಲ. ಇದ್ದರೆ ಎಲ್ಲಿಂದ ಹೊಲಿಯಬೇಕೆಂದಾದರೂ ಗೊತ್ತಾಗುತ್ತಿತ್ತು.

ಫೆಬ್ರವರಿಯಲ್ಲಿ ಸರಪಂಚರ ಫೋನು ಬಂತು. ಆ ಬೋರಿನಲ್ಲಿ ಧೂಳು ಬಿಟ್ಟು ಬೇರೇನೂ ಬಂದಿರಲಿಲ್ಲ. ಅವರು ಎಲ್ಲೆಲ್ಲೋ ಓಡಾಡಿ ಇನ್ನೊಂದನ್ನು ಮಂಜೂರು ಮಾಡಿಸಿಕೊಂಡಿದ್ದರು. "ಈ ಸಲ ಸಾಹೇಬರು ಹೇಳಿದಲ್ಲೇ. ಸಾಹೇಬರು ಬರುವವರೆಗೆ ಮಿಷನ್ನು ಹತ್ತುವುದಿಲ್ಲ." ಫೋನು ಇಟ್ಟ ಮೇಲೆ ಇವರು ಕಪಾಟಿನಿಂದ ಮೀಟರು ತೆಗೆದು ಒರೆಸತೊಡಗಿದರು. ನಾಲ್ಕು ತಿಂಗಳಲ್ಲಿ ಮೊದಲ ಸಲ ಏನೋ ಗುನುಗಿದರು.

ಬರೆಯಲು ಖಾಲಿ ಹಾಳೆಗಳಿದ್ದ ನೋಟ್‌ಬುಕ್ಕು ಹುಡುಕುವಾಗ ನನಗೆ ಗಣಿಯ ದಿನದ ಪುಟಗಳು ಸಿಕ್ಕಿದವು. ಇವರ ಓರೆ ಅಕ್ಷರ. ಏರು, ನಿಲುಗಡೆ, ಇಳಿಜಾರು, ಕೆಸರು. ಇಳಿಜಾರಿನ ಎದುರು, ಷರಾ ಕಾಲಮ್ಮಿನಲ್ಲಿ:

'ಇಳಿಯುವಾಗ ಲಿವರ್ ಡಿ ಯಲ್ಲೇ ಇತ್ತು. ಎಲ್ ಗೆ ಹಾಕಿ, ಫೋರ್ ಲೋದಲ್ಲಿ ಇನ್ನೊಮ್ಮೆ ಇಳಿಸಬೇಕು. ಸಾಧ್ಯವಾದರೆ ನಾನು.'

ನಾನು ಕಪಾಟಿನ ಮುಂದೆ ನೆಲದ ಮೇಲೆ ಕೂತೆ. ಎಂಜಿನಿಯರರು ಕೊಟ್ಟಿದ್ದ ಕೈಪಿಡಿಯ ಝೆರಾಕ್ಸು ಅದೇ ಕಪಾಟಿನಲ್ಲಿತ್ತು. ತೆಗೆದು ನೋಡಿದೆ. ಕಡಿದಾದ ಇಳಿಜಾರಿನಲ್ಲಿ ಸನ್ನೆಕೋಲನ್ನು 'ಎಲ್'ನಲ್ಲಿಡಬೇಕು, ಆಗ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ ಎಂದು ಮುದ್ರಿಸಿತ್ತು. ಕೆಫೆಯಲ್ಲಿ ಅಷ್ಟೆಲ್ಲ ಓದಿದವಳು ಈ ಪುಟ ಓದಿರಲಿಲ್ಲ. ಜೀಪನ್ನು ಕೆಳಗಿನ ಗೇರಿನಲ್ಲಿ, ಆ ಗಾಡಿಯನ್ನು ಮೇಲಿನ ಗೇರಿನಲ್ಲಿ ಇಳಿಸಿ ಎರಡನ್ನೂ ಹೋಲಿಸಿದ್ದೆ. ಹವಾಲ್ದಾರರಿಗೆ ಕ್ಲಚ್ಚಿಲ್ಲದ ಗಾಡಿ ಗೊತ್ತಿರಲಿಲ್ಲ. ಗೊತ್ತಿದ್ದವರೊಬ್ಬರು ಕಲ್ಲಿನ ಮೇಲೆ ಕೂತು, ಬರೆಯುವವರು ಮಾತಾಡಬಾರದೆಂಬ ನಮ್ಮ ನಿಯಮ ಪಾಲಿಸುತ್ತಿದ್ದರು. ಸಂಜೆ ನಾನು ಓದುತ್ತೇನೆ ಎಂದು ಕಾದಿದ್ದಿರಬೇಕು.

ಇವರ ಹತ್ತಿರ ನಾನು ಅದನ್ನು ಎತ್ತಲಿಲ್ಲ. ಮರುದಿನ ಹಿಂಜವಾಡಿಗೆ ಫೋನು ಮಾಡಿದೆ. ಆ ಗಾಡಿಯನ್ನು ನಾಶಿಕದ ದ್ರಾಕ್ಷಿ ತೋಟದವರೊಬ್ಬರು ಕೊಂಡಿದ್ದರು. ಅವರಿಗೂ ಫೋನು ಮಾಡಿದೆ. ಕೊಡುವುದಿಲ್ಲ ಎಂದರು, ನಯವಾಗಿಯೇ.

ದೇಹೂ ರೋಡಿಗೆ ಹೋಗಿ ಹವಾಲ್ದಾರರ ಮುಂದೆ ಎಲ್ಲ ಹೇಳಿದೆ. ಅವರು ಮೀಸೆ ತೀಡಿಕೊಂಡರು.

"ನಂದೂ ತಪ್ಪದ ವೈನಿ. ಲಿಫ್ಟ್ ಅಂತ ನಕ್ಕೆ ನಾನು. ಕೈಕ್ಲಚ್ ಕೂಡಿಸೂಣ. ನಮ್ಮ ಫೌಜಿನ್ಯಾಗ ಕಾಲ ಕಳಕೊಂಡವರ ಗಾಡಿಗೆ ಮಾಡಿಕೊಡಾವ ಒಬ್ಬ ಫಿಟರ್ ಇದ್ದಾನ."

ಆ ಫಿಟರನಿಗೆ ಮೂರು ವಾರ ಹಿಡಿಯಿತು. ಬ್ರೇಕಿಗೆ ಗಾಳಿ ಹೀರುವ ಪಂಪಿನಿಂದ ಒಂದು ನಳಿಕೆ ಎಳೆದು, ಕ್ಲಚ್ಚಿಗೆ ಒಂದು ಡಬ್ಬಿ ಜೋಡಿಸಿ, ಗೇರಿನ ಹಿಡಿಯ ಮೇಲೆ ಬೆರಳಗಲದ ಒಂದು ಸಣ್ಣ ಲಿವರು ಕೂಡಿಸಿದ. ಅದನ್ನು ಒತ್ತಿ ಹಿಡಿದು ಗೇರು ಹಾಕಬೇಕು, ಮೆಲ್ಲಗೆ ಬಿಡಬೇಕು, ಎಡಗಾಲಿಗೆ ಕೆಲಸವಿಲ್ಲ. ಆರ್‌ಟಿಓ ಆಫೀಸಿನ ಅರ್ಜಿಗಳನ್ನು ನಾನೇ ತುಂಬಿದೆ. ಇವರಿಗೆ ಹೇಳಿದಾಗ ಕಣ್ಣು ಕಿರಿದು ಮಾಡಿ ನೋಡಿದರು.

"ಹಂಗಿದ್ರ ವಸ್ತಿಗೆ ನಾನ ಹೊಡ್ಕೊಂಡು ಹೋಗ್ತೀನಿ. ನೀ ಬಾಜೂಕ ಕೂತು ಬರಿ."

ಮೊದಲು ಗಣಿಯಲ್ಲಿ ನೋಡೋಣ ಎಂದು ಮಾರ್ಚಿನ ಒಂದು ಬೆಳಗ್ಗೆ ಹೋದೆವು. ಇವರು ಏರಿ ಕೂತು, ಕನ್ನಡಿ ಸರಿಮಾಡಿಕೊಂಡರು. ಮೊದಲ ಸಲ ಗಾಡಿ ಕುಪ್ಪಳಿಸಿ ನಿಂತಿತು. ಎರಡನೆಯ ಸಲವೂ. ಮೂರನೆಯ ಸಲ ಹೊರಟಿತು. ಆಮೇಲೆ ಕಾಲು ಗಂಟೆ ನಾನೂ ಹವಾಲ್ದಾರರೂ ಸುಮ್ಮನೆ ನಿಂತು ನೋಡಿದೆವು. ಎಲ್ಲಿ ಕಲ್ಲಿದೆಯೋ ಅದರ ಮೇಲೆ ಚಕ್ರ ಏರಿಸಿ, ಹೊಂಡವನ್ನು ಎರಡು ಚಕ್ರದ ನಡುವೆ ಬಿಟ್ಟು, ಏರು ಹತ್ತಿ, ಇಳಿದು, ಮತ್ತೆ ಹತ್ತಿದರು. ನಾನು ಒಂಬತ್ತು ತಿಂಗಳು ಆ ಗಾಡಿಯನ್ನು ನಡೆಸಿದ್ದೆ. ಅದು ಹಾಗೆ ನಡೆಯಬಲ್ಲದೆಂದು ನನಗೆ ಗೊತ್ತಿರಲಿಲ್ಲ. ಇವರು ಕಿಟಕಿಯಿಂದ ಮೊಣಕೈ ಹೊರಗಿಟ್ಟಿದ್ದರು.

ಕೊನೆಯ ಸುತ್ತಿನಲ್ಲಿ, ಸಮತಟ್ಟು ನೆಲದಲ್ಲಿ, ನಮ್ಮ ಕಡೆಗೆ ಬರುತ್ತಿದ್ದ ಗಾಡಿ ನಿಲ್ಲಬೇಕಾದಲ್ಲಿ ನಿಲ್ಲಲಿಲ್ಲ. ವೇಗ ಹೆಚ್ಚೇನಿರಲಿಲ್ಲ. ನಮ್ಮನ್ನು ದಾಟಿ ಹೋಗಿ ಜಲ್ಲಿಯ ಗುಡ್ಡೆಗೆ ತಾಗಿ ನಿಂತಿತು. ಬಂಪರಿನ ಮೇಲೆ ಜಲ್ಲಿ ಉರುಳಿತು.

ಹವಾಲ್ದಾರರು ಓಡಿದರು. "ಬ್ರೇಕ್ ಹಿಡೀಲಿಲ್ಲೇನ್ರಿ ಸಾಹೇಬ್ರ?"

"ಬ್ರೇಕ್ ಛಲೋ ಅದ," ಎಂದರು ಇವರು. ಕೆಳಗೆ ತಮ್ಮ ಬಲಗಾಲನ್ನು ನೋಡುತ್ತಿದ್ದರು. "ಕಾಲು ಏಳಲಿಲ್ಲ."

ಎಂಜಿನ್ನು ನಡೆಯುತ್ತಲೇ ಇತ್ತು. ಇವರೇ ಕೈ ಚಾಚಿ ಬಂದ್ ಮಾಡಿದರು.

"ಹದಿನೈದ ದಿವಸಾತು," ಎಂದರು. "ಮೆಟ್ಟಲಾ ಹತ್ತೂ ಮುಂದ ಇದೂ ತಡವರಸ್ಲಿಕ್ಕೆ ಹತ್ತೇದ. ಇವತ್ತೊಂದ ದಿವಸ ನಡಸ್ತದ ಅಂದ್ಕೊಂಡಿದ್ದೆ." ಬಾಗಿಲು ತೆಗೆದು, ಎರಡೂ ಕಾಲನ್ನು ಕೈಯಿಂದ ಎತ್ತಿ ಹೊರಗಿಟ್ಟು, ಕೂತಲ್ಲೇ ಕೂತು ಗಣಿಯ ಏರನ್ನು ನೋಡಿದರು. "ಜೂನದಾಗ ಛಲೋ ಇತ್ತು."

ಆ ಮಾತಿನಲ್ಲಿ ಆಪಾದನೆ ಇರಲಿಲ್ಲ. ಮೀಟರಿನ ಅಂಕಿ ಹೇಳುವ ಧ್ವನಿಯಲ್ಲಿ ಹೇಳಿದರು. ಬರೆದುಕೊಳ್ಳಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಡಾಕ್ಟರರು ಹೊಸ ಫೋಟೋ ತೆಗೆಸಿದರು. ಬೆನ್ನಿನಲ್ಲಿ ಇನ್ನೊಂದು ಕಡೆ ನರ ಒತ್ತಿಕೊಂಡಿದೆ ಎಂದರು. ಮತ್ತೆ ಆಪರೇಶನ್ ಮಾಡಬಹುದು, ಮಾಡಿದರೂ ಬಲಗಾಲು ಉಳಿಯುತ್ತದೆ ಎಂದು ಹೇಳಲಾರೆ. ಗುಡ್ಡ, ಡ್ರೈವಿಂಗ್, ಎರಡನ್ನೂ ಮರೆತುಬಿಡಿ. ಇವರು ತಲೆಯಾಡಿಸಿ, ಧನ್ಯವಾದ ಹೇಳಿ, ಲಿಫ್ಟಿನವರೆಗೆ ನನ್ನ ಭುಜ ಹಿಡಿದು ನಡೆದರು.

ನಾನು ಹೊಡೆಯುತ್ತೇನೆ, ಮೇಲೆ ಹೋದ ಮೇಲೆ ನಾಲ್ಕು ಜನ ಕುರ್ಚಿಯಲ್ಲಿ ಎತ್ತಿ ಕೂಡಿಸುತ್ತಾರೆ, ಮೀಟರು ಓದಿದರೆ ಸಾಕು ಎಂದು ಅಂಗಲಾಚಿದೆ. ಇವರು ಸಿಟ್ಟಾಗಲಿಲ್ಲ. "ಅವರು ನೀರು ಹೊತ್ತು ದಣದಾರ. ನನ್ನನ್ನೂ ಹೊರಬೇಕೇನು?" ಎಂದರು. ಮೀಟರನ್ನು ಅದರ ಪೆಟ್ಟಿಗೆಯಲ್ಲಿಟ್ಟು ಬಕಲು ಹಾಕಿದರು. "ಸರಪಂಚಗ ನೀನ ಹೇಳು. ನನಗ ಹೇಳ್ಲಿಕ್ಕೆ ಆಗೂದಿಲ್ಲ."

ಮಧ್ಯಾಹ್ನ ಇವರು ಮಲಗಿದ ಮೇಲೆ ಫೋನು ಮಾಡಿದೆ. ಸರಪಂಚರು ಪೂರ್ತಿ ಕೇಳಿಸಿಕೊಂಡರು. ಹಿಂದೆ ಕೊಡಗಳ ಸದ್ದು, ಒಂದು ಕೂಸಿನ ಅಳು ಕೇಳುತ್ತಿತ್ತು. ಆಮೇಲೆ ಅವರು, ನನ್ನನ್ನೇ ಸಮಾಧಾನ ಮಾಡುವವರಂತೆ, ಮರಾಠಿಯಲ್ಲಿ ಅಂದರು: "ಇರಲಿ ವಹಿನಿ. ಸಾಹೇಬರಿಗೆ ಆಗದಿದ್ದರೆ ನೀವೇ ಬನ್ನಿ. ಆವತ್ತು ಅಂಥ ದಾರಿಯಲ್ಲಿ ಗಾಡಿ ಹತ್ತಿಸಿಕೊಂಡು ಬಂದಿರಲ್ಲ, ನಮ್ಮ ಹೆಂಗಸರು ಈಗಲೂ ಹೇಳುತ್ತಾರೆ."

"ಹತ್ತಿಸಿಕೊಂಡು ಬರುತ್ತೇನೆ ಭಾವೂ," ಎಂದೆ. "ಬಂದು ಏನು ಮಾಡಲಿ?"